ಎರೆ ನೆಲದಲ್ಲಿ ಸೆಪ್ಟಿಕ್ ಟ್ಯಾಂಕ್ ಫಿಲ್ಟರ್: ನಾಲ್ಕು ವರ್ಷದ ಬಳಕೆಯ ನಂತರ

ರಾಯಚೂರಿನ ಎರೆ ನೆಲದಲ್ಲಿ ಟ್ಯಾಂಕಿಗಿಂತ ಮೊದಲು ಕೆಡುವುದು ಇಂಗುಗುಂಡಿ. ಮಳೆಗಾಲದಲ್ಲಿ ಈ ಮಣ್ಣು ಉಬ್ಬಿ ನೀರು ಕುಡಿಯುವುದನ್ನೇ ನಿಲ್ಲಿಸುತ್ತದೆ. ಸಾಲದ್ದಕ್ಕೆ ಟ್ಯಾಂಕಿನಿಂದ ತೇಲಿಬಂದ ಜಿಡ್ಡು, ಕೂದಲು, ನೂಲು ಸೇರಿ ಗುಂಡಿಯ ಗೋಡೆಗೆ ಲೋಳೆ ಕಟ್ಟಿದರೆ ಹೊಸ ಗುಂಡಿ ತೋಡಿಸಬೇಕಾಗುತ್ತದೆ. ಆ ಕಸವನ್ನು ಟ್ಯಾಂಕಿನೊಳಗೇ ತಡೆಯುವುದು ಈ ಫಿಲ್ಟರಿನ ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತದೆ. ಹೂಳು ಕಡಿಮೆಯಾಗುತ್ತದೆ, ವಾಸನೆ ಹೋಗುತ್ತದೆ ಎಂದು ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ.

ಬಳಸುತ್ತಿರುವುದು 110 ಮಿ.ಮೀ. ಪಿವಿಸಿ ಪೈಪಿಗೆ ಕೂಡುವ ಮಾದರಿ. ಹೊರಗೆ ಇಂಗ್ಲಿಷಿನ T ಆಕಾರದ ಕವಚ; ಒಳಗೆ ಎತ್ತಿ ತೆಗೆಯುವ ಪ್ಲಾಸ್ಟಿಕ್ ಜಾಲರಿ, ಸೀಳಿನ ಅಗಲ 1.6 ಮಿ.ಮೀ. ಕೊನೆಯ ಛೇಂಬರಿನಲ್ಲಿ ನೀರು ಹೊರಹೋಗುವ ಕಡೆ ಇದನ್ನು ಕೂಡಿಸಬೇಕು. ಕವಚದ ಕೆಳತುದಿ ಮೇಲೆ ತೇಲುವ ಜಿಡ್ಡಿನ ಕೆನೆಗೂ ತಳದ ಹೂಳಿಗೂ ತಾಗದೆ ನಡುವಿನ ತಿಳಿನೀರಿನಲ್ಲಿರಬೇಕು: ನೀರಿನ ಆಳ 1.2 ಮೀಟರ್ ಇದ್ದರೆ ಮೇಲ್ಮೈಯಿಂದ ಸುಮಾರು 45–50 ಸೆಂ.ಮೀ. ಕೆಳಗೆ. ನಮ್ಮ ಕಡೆ ಟ್ಯಾಂಕಿನ ಮೇಲೆ ಫರಸಿ ಹಾಸಿ ಸಿಮೆಂಟ್ ಬಳಿದು, ಸಂಡಾಸಿನ ಪೈಪ್ ಬರುವ ಕಡೆ ಮಾತ್ರ ಬಾಯಿ ಬಿಡುವ ರೂಢಿ ಇದೆ. ಫಿಲ್ಟರಿನ ನೇರಕ್ಕೆ 45 ಸೆಂ.ಮೀ. ಚೌಕದ ಇನ್ನೊಂದು ಬಾಯಿ ಬಿಡಿಸದೆ ಇದನ್ನು ಕೊಳ್ಳಲೇಬೇಡಿ. ತೆಗೆದು ತೊಳೆಯಲಾಗದ ಫಿಲ್ಟರ್ ಪೈಪಿಗೆ ಜಡಿದ ಬಿರಡೆ ಇದ್ದಂತೆ. ಹಿಡಿಕೆಯೂ ಗಿಡ್ಡ, 25 ಮಿ.ಮೀ. ಪೈಪಿನ ತುಂಡು ಜೋಡಿಸಿ ಮುಚ್ಚಳದಿಂದ ಒಂದು ಗೇಣು ಕೆಳಗಿರುವಂತೆ ಉದ್ದ ಮಾಡಿಕೊಳ್ಳಿ.

ಐದು ಜನರ ಮನೆಯಲ್ಲಿ ಯುಗಾದಿಗೊಮ್ಮೆ, ದಸರೆಗೊಮ್ಮೆ ತೊಳೆದರೆ ಸಾಕು. ಹಬ್ಬಕ್ಕೆ ನೆಂಟರು ಬರುವ ವಾರದ ಮೊದಲೇ ಮುಗಿಸಿ. ಮುಚ್ಚಳ ತೆಗೆದು ಹದಿನೈದು ನಿಮಿಷ ಬಿಡಿ, ಬೀಡಿ-ಬೆಂಕಿ ಹತ್ತಿರ ತರಬೇಡಿ, ಬಾಯಿಗೆ ತಲೆ ಬಗ್ಗಿಸಬೇಡಿ, ಒಬ್ಬರೇ ಮಾಡಬೇಡಿ. ಒಳಗಿನ ಅನಿಲ ಕ್ಷಣದಲ್ಲಿ ಜೀವ ತೆಗೆಯುತ್ತದೆ. ರಕ್ಷಣಾ ಸಾಧನವಿಲ್ಲದೆ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಜಾಲರಿ ಎಳೆಯುವ ಮೊದಲು ನೀರಿನ ಮಟ್ಟ ನೋಡಿ. ಹೊರಪೈಪಿಗಿಂತ ಮೇಲೆ ನಿಂತಿದ್ದರೆ ಎಳೆಯಬೇಡಿ. ತಡೆದು ನಿಂತ ನೀರು ಕೆನೆಯ ಸಮೇತ ಇಂಗುಗುಂಡಿಗೆ ನುಗ್ಗುತ್ತದೆ. ಸಕ್ಕಿಂಗ್ ಗಾಡಿ ಕರೆಸಿ ಮಟ್ಟ ಇಳಿಸಿದ ಮೇಲೆ ತೆಗೆಯಿರಿ. ರಬ್ಬರ್ ಗ್ಲೌಸ್ ಹಾಕಿ ನಿಧಾನ ಎತ್ತಿದರೆ ಸೀಳುಗಳ ತುಂಬ ಬೂದು ಲೋಳೆ, ಅದರಲ್ಲಿ ಸುತ್ತಿಕೊಂಡ ಉದ್ದ ಕೂದಲು, ವಾಷಿಂಗ್ ಮಷೀನಿನಿಂದ ಬಂದ ಬಟ್ಟೆಯ ನಾರು ಕಾಣುತ್ತವೆ. ಅದನ್ನು ಮೊದಲ ಛೇಂಬರಿನ ಬಾಯಿ ಮೇಲೆ ಹಿಡಿದು ಪೈಪಿನ ನೀರು ಬಿಟ್ಟು ತೊಳೆಯಿರಿ, ಕಸ ಅಲ್ಲಿಗೇ ಬೀಳಲಿ. ಆ್ಯಸಿಡ್, ಫಿನಾಯಿಲ್ ಬೇಡ, ಕೊಳೆಯಿಸುವ ಬ್ಯಾಕ್ಟೀರಿಯಾ ಸಾಯುತ್ತವೆ. ಮರಳಿ ಇಡುವಾಗ ತಳಕ್ಕೆ ಕೂಡುವವರೆಗೆ ಒತ್ತಿ. ಅರ್ಧ ಕೂತರೆ ಸಂದಿಯಿಂದ ಕಸ ಪಾರಾಗುತ್ತದೆ.

ಸಂಡಾಸಿನ ನೀರು ನಿಧಾನ ಇಳಿದು ಬಚ್ಚಲಲ್ಲಿ ಗುಳುಗುಳು ಸದ್ದು ಬಂತೆಂದರೆ ಫಿಲ್ಟರನ್ನೇ ಬೈಯುವುದು ತಪ್ಪು. ಟ್ಯಾಂಕಿನ ನೀರು ಹೊರಪೈಪಿಗಿಂತ ಮೇಲೆ ನಿಂತು, ಇಂಗುಗುಂಡಿಯ ನೀರು ಇಳಿದಿದ್ದರೆ ಫಿಲ್ಟರ್ ಕಟ್ಟಿದೆ. ಎರಡೂ ತುಂಬಿದ್ದರೆ ಗುಂಡಿ ಹೀರುತ್ತಿಲ್ಲ. ಟ್ಯಾಂಕಿನ ಮಟ್ಟ ಸರಿಯಿದ್ದರೆ ಸಂಡಾಸಿನಿಂದ ಬರುವ ಪೈಪಿನಲ್ಲೇ ಏನೋ ಸಿಕ್ಕಿದೆ.

ಎರಡು ತಿಂಗಳೊಳಗೇ ಮತ್ತೆ ಕಟ್ಟಿದರೆ ಟ್ಯಾಂಕಿನಲ್ಲಿ ಹೂಳು ತುಂಬಿದೆ. ಉದ್ದನೆಯ ಕೋಲಿಗೆ ಬಿಳಿ ಬಟ್ಟೆ ಸುತ್ತಿ ತಳಕ್ಕಿಳಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಹೂಳಿನ ಕಪ್ಪು ಗುರುತು ಸಿಗುತ್ತದೆ. ಹೂಳು, ಕೆನೆ ಸೇರಿ ಆಳದ ಮೂರನೇ ಒಂದು ಭಾಗವಾದರೆ ಖಾಲಿ ಮಾಡಿಸಿ. ಈ ಹಂತದಲ್ಲಿ ಬೇಸತ್ತು ಜಾಲರಿಯನ್ನೇ ಕಿತ್ತಿಟ್ಟರೆ ಹೂಳೆಲ್ಲ ಗುಂಡಿಗೆ ಹೋಗುತ್ತದೆ, ಹಾಕಿಸಿದ್ದೇ ದಂಡ. ಬಜ್ಜಿ ಕರಿದುಳಿದ ಎಣ್ಣೆಯನ್ನು ಸಿಂಕಿಗೆ ಸುರಿಯದಿದ್ದರೆ, ಮಷೀನಿನ ಪೈಪಿಗೆ ಸಣ್ಣ ಕಣ್ಣಿನ ಬಲೆಚೀಲ ಕಟ್ಟಿದರೆ ತೊಳೆಯುವ ಅವಧಿ ಹಿಗ್ಗುತ್ತದೆ.

ಮಸಾರಿ (ಕೆಂಪು ಮಣ್ಣಿನ) ನೆಲದವರಿಗೆ ಇದು ಇದ್ದರೆ ಒಳ್ಳೆಯದು, ಎರೆ ನೆಲದವರಿಗೆ ಬೇಕೇ ಬೇಕು. ಆದರೆ ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಗದ್ದೆಗಳ ಅಂಚಿನ ಮನೆಗಳಲ್ಲಿ, ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ ನೆಲದೊಳಗಿನ ನೀರೇ ಗುಂಡಿಗೆ ಏರಿ ನಿಲ್ಲುವುದಾದರೆ ಯಾವ ಫಿಲ್ಟರೂ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಮೊದಲು ಮಣ್ಣು ಏರಿಸಿ ಇಂಗುಗುಂಡಿಯನ್ನು ಎತ್ತರಕ್ಕೆ ತರಬೇಕು, ಫಿಲ್ಟರಿನ ಮಾತು ಆಮೇಲೆ.