ಬ್ರಿಕ್ ಗೇಮ್ 9999 ಇನ್ 1: ತೊಂಬತ್ತರ ದಶಕದಿಂದ ಕೈಬಿಡದ ಡಬ್ಬಿ

ಡಬ್ಬದ ಮೇಲೆ ಬರೆದಿರುವ 9999 ಆಟ ಅನ್ನೋದು ಶುದ್ಧ ಸುಳ್ಳು. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಒಳಗಿರುವುದು ಬೆರಳೆಣಿಕೆಯ ಆಟ: ಮೇಲಿಂದ ಬೀಳುವ ಇಟ್ಟಿಗೆ ಜೋಡಿಸಿ ಸಾಲು ತುಂಬಿಸಿ ಅಳಿಸುವುದು, ಕಾರ್ ರೇಸ್, ಟ್ಯಾಂಕ್, ಹಾವು, ರಸ್ತೆ ದಾಟುವ ಕಪ್ಪೆ, ಚೆಂಡು ಹೊಡೆದು ಇಟ್ಟಿಗೆ ಒಡೆಯುವುದು. ಪ್ರತಿಯೊಂದಕ್ಕೂ ಒಂದಷ್ಟು ಸ್ಪೀಡು, ಒಂದಷ್ಟು ಲೆವೆಲ್ಲು, ಅಲ್ಲಲ್ಲಿ ಸಣ್ಣ ಬದಲಾವಣೆ. ಎಲ್ಲವನ್ನೂ ಗುಣಿಸಿ ಲೆಕ್ಕ ಉಬ್ಬಿಸಿದ್ದಾರೆ ಅಷ್ಟೇ. ಆದರೂ ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ಅಪ್ಪ ಕೊಡಿಸಿದ ಈ ಬೂದು ಬಣ್ಣದ ವಿಡಿಯೋ ಗೇಮ್ ಇನ್ನೂ ನನ್ನ ಹತ್ತಿರ ಇದೆ, ಇನ್ನೂ ನಡೆಯುತ್ತಿದೆ. ಹೋದ ವರ್ಷ ಕುತೂಹಲಕ್ಕೆ ಆನ್‌ಲೈನಿನಲ್ಲಿ ಹೊಸದೊಂದನ್ನೂ ತರಿಸಿದೆ. ಎರಡನ್ನೂ ಆಡಿದ ಮೇಲೆ ಬರೆಯುತ್ತಿದ್ದೇನೆ.

ಪರದೆಯಲ್ಲಿ ಅಡ್ಡ 10, ಉದ್ದ 20, ಒಟ್ಟು 200 ಚೌಕ. ಪಕ್ಕದಲ್ಲಿ ಮುಂದಿನ ಇಟ್ಟಿಗೆ ತೋರಿಸುವ ಪುಟ್ಟ ಕಿಂಡಿ. ಇಷ್ಟೇ. ಕ್ಯಾಲ್ಕುಲೇಟರ್ ಪರದೆಯಲ್ಲಿ ಅಂಕಿಯ ಗೀಟುಗಳು ಇರುವ ಹಾಗೆ ಈ ಚೌಕಗಳೂ ಗಾಜಿನಲ್ಲೇ ಅಚ್ಚಾಗಿ ಕೂತಿರುತ್ತವೆ. ಕಪ್ಪಾಗುವುದು, ಮಾಯವಾಗುವುದು, ಇವೆರಡೇ ಅವಕ್ಕೆ ಗೊತ್ತು. ಕ್ಯಾಲ್ಕುಲೇಟರ್ ಸಂಬಂಧ ನಿಜಕ್ಕೂ ಹಳೆಯದು. ಜಪಾನಿನ ಗೇಮ್ ಕಂಪನಿ ನಿಂಟೆಂಡೋದ ಗುನ್‌ಪೇ ಯೊಕೊಯಿ 1980ರಲ್ಲಿ 'ಗೇಮ್ ಅಂಡ್ ವಾಚ್' ಅನ್ನೋ ಅಂಗೈಯಗಲದ ಗೇಮ್ ತಂದಿದ್ದೇ ಕ್ಯಾಲ್ಕುಲೇಟರಿನ ಅಗ್ಗದ ಪರದೆ ಹಿಡಿದುಕೊಂಡು. ಇಟ್ಟಿಗೆ ಆಟದ ಮೂಲ ಇನ್ನೊಂದು ಕಡೆಯದು. ಮಾಸ್ಕೋದಲ್ಲಿ ಅಲೆಕ್ಸೀ ಪಾಜಿಟ್ನೊವ್ 1984ರಲ್ಲಿ ಟೆಟ್ರಿಸ್ ಅನ್ನೋ ಹೆಸರಿನಲ್ಲಿ ಅದನ್ನು ಬರೆದರು. 1989ರಲ್ಲಿ ನಿಂಟೆಂಡೋದ್ದೇ ಕೈಯಲ್ಲಿ ಹಿಡಿದಾಡುವ ಯಂತ್ರ ಗೇಮ್ ಬಾಯ್ ಜೊತೆ ಅದು ಲೋಕವೆಲ್ಲ ಸುತ್ತಿತು. ಗೇಮ್ ಬಾಯ್ ನಮ್ಮ ಬೀದಿಗೆ ಬರಲೇ ಇಲ್ಲ. ಬಂದಿದ್ದು ಈ ಹೆಸರು ದೆಸೆಯಿಲ್ಲದ ನಕಲು. ಡಬ್ಬದ ಮೇಲೆ ಪಾಜಿಟ್ನೊವ್ ಹೆಸರೂ ಇಲ್ಲ, ಟೆಟ್ರಿಸ್ ಅನ್ನೋ ಮಾತೂ ಇಲ್ಲ.

ಇಟ್ಟಿಗೆ ಆಟಕ್ಕೆ ನೂರಕ್ಕೆ ನೂರು ಕೊಡುತ್ತೇನೆ. ನನ್ನ ಯಂತ್ರದಲ್ಲಿ ಒಂದು ಸಾಲು ಅಳಿಸಿದರೆ 100, ಎರಡಕ್ಕೆ 300, ಮೂರಕ್ಕೆ 700, ಒಟ್ಟಿಗೆ ನಾಲ್ಕು ಹೋದರೆ 1500. ಅಂದರೆ ಒಂದೊಂದೇ ಸಾಲು ಅಳಿಸುತ್ತಾ ಹೋಗುವವನಿಗೆ ನಾಲ್ಕು ಸಾಲಿಗೆ ಸಿಗುವುದು ಬರೀ 400. ದುರಾಸೆ ಹುಟ್ಟಿಸೋಕೆ ಇದಕ್ಕಿಂತ ಇನ್ನೇನು ಬೇಕು? ಬಲಗಡೆ ಒಂದು ಕಾಲಂ ಖಾಲಿ ಬಿಟ್ಟು ಗೋಡೆ ಎತ್ತಿಕೊಂಡು ಹೋಗುತ್ತೀರಿ. ಉದ್ದ ಕಡ್ಡಿ ಬರಬೇಕು. ಬರುವುದಿಲ್ಲ. ಚೌಕ ಬರುತ್ತದೆ, ಮತ್ತೆ ಚೌಕ, ಆಮೇಲೆ ಆ ಹಾಳು ಝಡ್ ಆಕಾರದ್ದು. ಈಗಿನ ಅಧಿಕೃತ ಟೆಟ್ರಿಸ್‌ನಲ್ಲಿ ಏಳೂ ಆಕಾರ ಒಂದೊಂದು ಸಲ ಬಂದ ಮೇಲೆಯೇ ಮುಂದಿನ ಸುತ್ತು ಶುರುವಾಗುತ್ತದೆ. ಇಲ್ಲಿ ಅಂಥ ನ್ಯಾಯವೇನೂ ಕಾಣಲಿಲ್ಲ. ಕಿಂಡಿಯಲ್ಲಿ ಕಡ್ಡಿ ಕಂಡ ತಕ್ಷಣ ಹೆಬ್ಬೆರಳಿಗೆ ಅವಸರ. ಕೈಯಲ್ಲಿರುವ ಇಟ್ಟಿಗೆಯನ್ನು ಎಲ್ಲೋ ಒಂದು ಕಡೆ ಎಸೆದು, ಕಡ್ಡಿ ಇಳಿಸಬೇಕಾದ ಬಾಯಿಯನ್ನೇ ಮುಚ್ಚಿಬಿಡುತ್ತದೆ ಅದು. ಬಾಲ್ಯದಲ್ಲೂ ಹೀಗೇ ಔಟಾಗುತ್ತಿದ್ದೆ, ಹೋದ ಭಾನುವಾರವೂ ಹೀಗೇ.

ಉಳಿದವುಗಳಲ್ಲಿ ಟ್ಯಾಂಕ್ ಪರವಾಗಿಲ್ಲ. ಕಾರ್ ರೇಸ್ ಮಕ್ಕಳಿಗೆ ಸಾಕು, ದೊಡ್ಡವರಿಗೆ ಬೇಗ ಬೇಜಾರು. ಕಪ್ಪೆ ಯಾಕಿದೆಯೋ ಗೊತ್ತಿಲ್ಲ.

ನಮ್ಮ ಮನೆಯಲ್ಲಿ ನಿಜವಾದ ಜಗಳ ಸ್ಕೋರಿನದು. ಆಫ್ ಮಾಡಿದರೆ ಹೈ ಸ್ಕೋರ್ ಹೋಗುವುದಿಲ್ಲ, ಯಂತ್ರ ಸುಮ್ನೆ ನಿದ್ದೆ ಮಾಡುತ್ತಿರುತ್ತದೆ. ಸೆಲ್ ತೆಗೆದರೆ ಮಾತ್ರ ಎಲ್ಲ ಸೊನ್ನೆ. ಅಕ್ಕ ನನ್ನನ್ನು ಹಿಂದೆ ಹಾಕಿದ ದಿನ 'ಸೆಲ್ ವೀಕ್ ಆಗಿದೆ' ಅಂತ ತೆಗೆದುಬಿಡುತ್ತಿದ್ದೆ. ಅವಳೇನು ಕಡಿಮೆಯೇ? ಕ್ಯಾಲೆಂಡರ್ ಹಾಳೆಯ ಹಿಂದೆ ತಾರೀಖು ಹಾಕಿ ಸ್ಕೋರ್ ಬರೆಯಲು ಶುರು ಮಾಡಿದಳು, ಪಕ್ಕದಲ್ಲಿ ಸಾಕ್ಷಿಯಾಗಿ ಅಮ್ಮನ ಸಹಿ! ಈಗಿನ ಫೋನ್ ಗೇಮುಗಳು ಎಲ್ಲವನ್ನೂ ತಾವೇ ನೆನಪಿಟ್ಟುಕೊಳ್ಳುತ್ತವೆ. ಅನುಕೂಲ, ಇಲ್ಲ ಅನ್ನಲ್ಲ. ಆದರೆ ನನ್ನ ಫೋನಿನ ಸ್ಕೋರಿಗೆ ಇವತ್ತಿನವರೆಗೆ ಯಾರೂ ತಕರಾರು ಮಾಡಿಲ್ಲ.

ಸೆಲ್ ವಿಷಯದಲ್ಲಿ ಇದು ಬಹಳ ಮಿತವ್ಯಯಿ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ವಾರಗಟ್ಟಲೆ ಬರುತ್ತದೆ. ಪರದೆಯ ಹಿಂದೆ ದೀಪವಿಲ್ಲ, ಅದೇ ಕಾರಣ. ಅದರ ಬೆಲೆ ರಾತ್ರಿ ಗೊತ್ತಾಗುತ್ತದೆ: ಕರೆಂಟ್ ಹೋದರೆ ಮೇಣದಬತ್ತಿಯ ಪಕ್ಕ ಕುತ್ತಿಗೆ ಸೊಟ್ಟ ಮಾಡಿಕೊಂಡು ಆಡಬೇಕು. ಸೆಲ್ ಸೊರಗಿದರೆ ಬಿಸಿಲಿಗಿಡುತ್ತಿದ್ದೆವು, ಇನ್ನೂ ಒಂದೆರಡು ಆಟಕ್ಕೆ ಜೀವ ಬರುತ್ತಿತ್ತು. ಗೇಮಿಗೆ ಸಾಲದ ಸೆಲ್ ಗೋಡೆ ಗಡಿಯಾರಕ್ಕೆ ಧಾರಾಳ ಸಾಕು. ಒಮ್ಮೊಮ್ಮೆ ವ್ಯಾಪಾರ ಉಲ್ಟಾ ನಡೆದು, ಗಡಿಯಾರದ ಹೊಸ ಸೆಲ್ ಗೇಮಿಗೆ ಬಂದು ಮನೆಯಲ್ಲಿ ಟೈಮೇ ನಿಂತಿದ್ದೂ ಉಂಟು.

ಇಷ್ಟು ವರ್ಷದಲ್ಲಿ ಕೆಟ್ಟಿದ್ದು ಎರಡೇ. ಒಂದು, ಸೆಲ್ ಸೋರಿ ಸ್ಪ್ರಿಂಗಿನ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿಕೊಂಡಿತ್ತು. ಉಪ್ಪುಕಾಗದದಲ್ಲಿ ಉಜ್ಜಿದೆ, ಸರಿಹೋಯಿತು. ಇನ್ನೊಂದು, ಪರದೆಯ ಎರಡು ಕಾಲಂ ಮಾಯವಾದವು. ಗಾಜೇ ಹೋಯಿತು ಅಂತ ಬಹಳ ಜನ ಇಲ್ಲೇ ಬಿಸಾಡುತ್ತಾರೆ. ಹಿಂದಿನ ಸ್ಕ್ರೂ ಬಿಚ್ಚಿ ನೋಡಿದರೆ ಗಾಜಿಗೂ ಸರ್ಕ್ಯೂಟ್ ಬೋರ್ಡಿಗೂ ನಡುವೆ ಒಂದು ರಬ್ಬರ್ ಪಟ್ಟಿ ಇತ್ತು. ಅದರೊಳಗೆ ಕರೆಂಟ್ ಹರಿಯುವ ಕಪ್ಪು ಪದರ, ಹರಿಯದ ಪದರ, ಒಂದಾದ ಮೇಲೊಂದು. ಅದಕ್ಕೇ ರಿಪೇರಿಯವರು ಝೀಬ್ರಾ ಅನ್ನುತ್ತಾರೆ. ಬೆಸುಗೆ ಗಿಸುಗೆ ಏನೂ ಇಲ್ಲ, ಒತ್ತಿ ಕೂರಿಸಿರುತ್ತಾರೆ. ಧೂಳು ಕೂತರೆ, ಒತ್ತಡ ಸಡಿಲವಾದರೆ ಗೀಟು ಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಪಟ್ಟಿಯ ಎರಡೂ ಅಂಚು, ಗಾಜಿನ ತುದಿ, ಬೋರ್ಡಿನ ಗೀಟುಗಳನ್ನು ಒರೆಸಿ, ಒಣಗಿಸಿ, ಸ್ಕ್ರೂಗಳನ್ನು ಸಮನಾಗಿ ಬಿಗಿ ಮಾಡಿದೆ. ಕಾಲಂಗಳು ವಾಪಸ್. ಗುಂಡಿ ಸತ್ತಿದ್ದರೂ ಹೆಚ್ಚುಕಡಿಮೆ ಇದೇ ಮದ್ದು: ರಬ್ಬರ್ ಹಾಳೆಯ ಕೆಳಗಿನ ಕಪ್ಪು ಬೊಟ್ಟುಗಳನ್ನು ಮೆಲ್ಲಗೆ ಒರೆಸಬೇಕು. ಉಜ್ಜಿದರೆ ಕಾರ್ಬನ್ ಕಿತ್ತು ಬರುತ್ತದೆ, ಹುಷಾರು.

ಹೊಸದು ಹೇಗಿದೆ? ಕೆಲವೇ ನೂರು ರೂಪಾಯಿಗೆ ಬಂತು, ಹಾಗಾಗಿ ಜಾಸ್ತಿ ಬೈಯುವಂತಿಲ್ಲ. ಆಟ ಅದೇ, ಕಿವಿ ಕೊರೆಯುವ ಅದೇ ಪೀಂ ಪೀಂ ಟ್ಯೂನೂ ಇದೆ. ಪ್ಲಾಸ್ಟಿಕ್ ಹಗುರ, ಹಿಂಡಿದರೆ ಕಿರುಗುಟ್ಟುತ್ತದೆ. ಪರದೆ ಮಸುಕು, ಸ್ವಲ್ಪ ವಾಲಿಸಿ ಹಿಡಿದರಷ್ಟೇ ಚೌಕ ಕಪ್ಪಗೆ ಕಾಣುತ್ತದೆ. ನನಗೆ ಸಿಟ್ಟು ಬಂದಿದ್ದು ಇಟ್ಟಿಗೆ ತಿರುಗಿಸುವ ದೊಡ್ಡ ಗುಂಡಿಯ ಬಗ್ಗೆ. ಹಳೆಯದರಲ್ಲಿ ಒತ್ತಿದ್ದು ಬೆರಳಿಗೆ ಗೊತ್ತಾಗುತ್ತದೆ. ಹೊಸದರಲ್ಲಿ ಮೆತ್ತಗೆ ಒಳಗೆ ಹೋಗುತ್ತದೆ, ಕೆಲವು ಸಲ ಎರಡೆರಡು ಬಾರಿ ತಿರುಗಿ ಆಟ ಕೆಡಿಸುತ್ತದೆ. ಸ್ಪೀಡ್ ಏರಿದ ಮೇಲೆ ಈ ಗುಂಡಿ ನಂಬಿ ಆಡೋಕಾಗಲ್ಲ. ಹಳೆಯದಕ್ಕೆ ನಾಲ್ಕೂವರೆ ಸ್ಟಾರ್, ಹೊಸದಕ್ಕೆ ಎರಡೂವರೆ. ಆ ಅರ್ಧವೂ ಬೆಲೆ ನೋಡಿ ಕೊಟ್ಟಿದ್ದು.

ಹಾಗಾದರೆ ತಗೋಬೇಕಾ? ಜಾಹೀರಾತು, ನೋಟಿಫಿಕೇಶನ್ ಕಾಟವಿಲ್ಲದೆ ಹತ್ತು ನಿಮಿಷ ಆಡಬೇಕು ಅನ್ನೋರು ಧೈರ್ಯವಾಗಿ ತಗೊಳ್ಳಿ. ಮಕ್ಕಳು ಇದರಿಂದ ಫೋನ್ ಬಿಡುತ್ತಾರೆ ಅನ್ನೋ ಆಸೆ ಬೇಡ. ಅಕ್ಕನ ಮಗಳು ಒಂದು ಸಂಜೆ ಆಡಿ, "ಮಾವ, ಇದರಲ್ಲಿ ಗೆಲ್ಲೋದು ಯಾವಾಗ?" ಅಂತ ಕೇಳಿದಳು. ಗೆಲ್ಲೋಕೆ ಆಗಲ್ಲ ಕಣೆ ಅಂದೆ. ವಾಪಸ್ ಕೊಟ್ಟಳು. ಮನೆಯ ಅಟ್ಟದಲ್ಲಿ ಹಳೆಯದು ಬಿದ್ದಿದ್ದರೆ ಮೊದಲು ಅದನ್ನೇ ಬಿಚ್ಚಿ ಒರೆಸಿ ನೋಡಿ.

ಅಂಗಡಿಯಲ್ಲಿ ಕೊಳ್ಳುವುದಾದರೆ ಸೆಲ್ ಹಾಕಿಸಿ, ಅಲ್ಲೇ ನಿಂತು ಒಂದು ಆಟ ಬೇಕಂತಲೇ ಸೋಲಿ. ಆಟ ಮುಗಿದಾಗ ಪರದೆಯ ಚೌಕಗಳೆಲ್ಲ ಕೆಳಗಿನಿಂದ ಮೇಲಕ್ಕೆ ತುಂಬಿಕೊಳ್ಳುತ್ತವೆ. ಯಾವುದಾದರೂ ಗೀಟು ಬಿಟ್ಟುಹೋಗಿದ್ದರೆ ಆಗ ಕಂಡೇ ಕಾಣುತ್ತದೆ. ಕಂಡರೆ ಬೇರೆ ಪೀಸ್ ಕೇಳಿ.