ಹೆರಿಗೆ ವಾರ್ಡಿನಿಂದ ಐಇಎಲ್‌ಟಿಎಸ್‌ಗೆ: ಆಂಕಿ ಆ್ಯಪ್‌ನಲ್ಲಿ 18 ತಿಂಗಳು

‘ಲೇಬರ್’ ಎಂದರೆ ನನಗೆ ಹೆರಿಗೆ ನೋವು. ‘ಕಾಂಟ್ರಾಕ್ಟ್’ ಎಂದರೆ ಗರ್ಭಕೋಶ ಬಿಗಿಯುವುದು. ‘ಪೀರಿಯಡ್’ ಎಂದರೆ ಮುಟ್ಟು. ಹೆರಿಗೆ ವಾರ್ಡಿನಲ್ಲಿ ಆರು ವರ್ಷ ದುಡಿದವಳಿಗೆ ಬೇರೆ ಅರ್ಥ ಮೊದಲು ಹೊಳೆಯುವುದಾದರೂ ಹೇಗೆ? ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಓದಲು ಕುಳಿತಾಗ ಈ ಮೂರೂ ಪದಗಳು ಶ್ರಮ, ಒಪ್ಪಂದ, ಅವಧಿ ಎಂಬ ಅರ್ಥಗಳನ್ನು ಹೊತ್ತು ಒಂದೇ ಪಟ್ಟಿಯಲ್ಲಿ ಎದುರಾದವು.

ಆ ಪಟ್ಟಿಯ ಹೆಸರು ‘ಅಕಾಡೆಮಿಕ್ ವರ್ಡ್ ಲಿಸ್ಟ್’. ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ ಅವರು ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ವಿಷಯಗಳ ಸುಮಾರು 35 ಲಕ್ಷ ಪದಗಳಷ್ಟು ಬರಹವನ್ನು ಸೋಸಿ, 2000ದಲ್ಲಿ ಪ್ರಕಟಿಸಿದ್ದು. ಒಟ್ಟು 570 ಪದಕುಟುಂಬಗಳು (ಒಂದೇ ಮೂಲಪದದಿಂದ ಹುಟ್ಟಿದ ಪದಗಳ ಗುಂಪುಗಳು), ಬಳಕೆಯ ಪ್ರಮಾಣಕ್ಕೆ ತಕ್ಕಂತೆ ಹತ್ತು ಉಪಪಟ್ಟಿಗಳು. ನನ್ನ ಮೂರು ಪದಗಳೂ ಇದ್ದದ್ದು ಮೊದಲನೆಯ ಉಪಪಟ್ಟಿಯಲ್ಲೇ.

ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಐಇಎಲ್‌ಟಿಎಸ್ ಅಕಾಡೆಮಿಕ್ ದಾರಿಯಲ್ಲಿ ಹೋಗುವವರಿಗೆ ಓದು, ಆಲಿಕೆ, ಮಾತಿನಲ್ಲಿ 7, ಬರವಣಿಗೆಯಲ್ಲಿ 6.5 ಬ್ಯಾಂಡ್ ಅಂಕ ಬೇಕು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮೊದಲ ಯತ್ನದಲ್ಲಿ ಬರವಣಿಗೆಗೆ ಬಂದದ್ದು 5.5. ಬರವಣಿಗೆಯ ಅಂಕದಲ್ಲಿ ಕಾಲು ಪಾಲು ಪದಬಳಕೆಗೇ ಮೀಸಲು ಎಂಬುದು ಗೊತ್ತಾದ ವಾರವೇ ಆಂಕಿಯನ್ನು ಮೊಬೈಲಿಗೆ ಹಾಕಿಕೊಂಡೆ.

ಆಂಕಿ ಎಂದರೆ ಜಪಾನಿ ಭಾಷೆಯಲ್ಲಿ ಕಂಠಪಾಠ. ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ. ನೆನಪಾದ ಪದ ಕೆಲವು ದಿನ, ಆಮೇಲೆ ಕೆಲವು ವಾರ, ಆಮೇಲೆ ತಿಂಗಳುಗಳ ನಂತರ ಮರಳುತ್ತದೆ. ಮರೆತದ್ದು ಆಗಲೇ ಮತ್ತೆ ಬಂದು ನಿಲ್ಲುತ್ತದೆ. ನೋಟಕ್ಕೆ ಬೋಳುಬೋಳು. ನನಗೆ ಅದೇ ಹಿತವಾಯಿತು: ರಾತ್ರಿ ಪಾಳಿಯಲ್ಲಿ ಮೂರು ಗಂಟೆಯ ಹೊತ್ತಿಗೆ ವಾರ್ಡ್ ತಣ್ಣಗಾದಾಗ ಹತ್ತು ನಿಮಿಷ, ಬೆಳಿಗ್ಗೆ ಬಸ್ಸಿನಲ್ಲಿ ಹದಿನೈದು ನಿಮಿಷ. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ.

ಮೊದಲ ಎರಡು ತಿಂಗಳು ಮಾತ್ರ ವ್ಯರ್ಥವಾಯಿತು. ಯಾರೋ ಮಾಡಿಟ್ಟ ಸಿದ್ಧ ಕಾರ್ಡುಗಳನ್ನು ಇಳಿಸಿಕೊಂಡಿದ್ದೆ: ಒಂದು ಕಡೆ ಪದ, ಇನ್ನೊಂದು ಕಡೆ ಅದರ ಇಂಗ್ಲಿಷ್ ಅರ್ಥ. ದಿನಕ್ಕೆ 30 ಹೊಸ ಪದಗಳು. ಅರ್ಥ ಬಾಯಿಗೆ ಬರುತ್ತಿತ್ತು, ಪ್ರಬಂಧಕ್ಕೆ ಬರುತ್ತಿರಲಿಲ್ಲ. ಒಂದು ವಾರ ರಜೆ ಹಾಕಿ ಊರಿಗೆ ಹೋಗಿ ಬಂದರೆ ನಾನೂರಕ್ಕೂ ಹೆಚ್ಚು ಕಾರ್ಡುಗಳು ಬಾಕಿ ಕೂತಿದ್ದವು. ಎಲ್ಲವನ್ನೂ ಅಳಿಸಿ ಹೊಸದಾಗಿ ಆರಂಭಿಸಿದೆ.

ಈ ಸಲ ಕಾರ್ಡುಗಳನ್ನು ನಾನೇ ಬರೆದೆ, ದಿನಕ್ಕೆ ಎಂಟು ಮಾತ್ರ. ಶಾಲೆಯಲ್ಲಿ ‘ಬಿಟ್ಟ ಸ್ಥಳ ತುಂಬಿ’ ಎಂದು ಬರೆಯುತ್ತಿದ್ದೆವಲ್ಲ, ಆಂಕಿಯಲ್ಲಿ ಅಂಥ ಕಾರ್ಡಿಗೇ ಒಂದು ಬಗೆ ಇದೆ. ವಾಕ್ಯ ನನ್ನದು, ಪದದ ಜಾಗ ಖಾಲಿ, ಕೆಳಗೆ ಒಂದು ಕನ್ನಡ ಪದ. ಇಂಗ್ಲಿಷ್ ಕಲಿಯುವಾಗ ಕನ್ನಡವನ್ನು ಪಕ್ಕಕ್ಕಿಡಿ ಎಂದು ಹಲವರು ಹೇಳಿದ್ದರು. ನನ್ನ ಅನುಭವ ಇದಕ್ಕೆ ಪೂರ್ತಿ ವಿರುದ್ಧ. ಈ 570ರಲ್ಲಿ ಬಹುಪಾಲು ಪದಗಳು ಲ್ಯಾಟಿನ್, ಗ್ರೀಕ್ ಮೂಲದವು; ನಮ್ಮ ಪಠ್ಯಪುಸ್ತಕಗಳ ಕನ್ನಡದಲ್ಲಿ ಆ ಜಾಗದಲ್ಲಿ ಸಂಸ್ಕೃತದಿಂದ ಬಂದ ಪದಗಳು ಕೂತಿವೆ. ‘ಕಾನ್ಸೆಪ್ಟ್’ ಪರಿಕಲ್ಪನೆ, ‘ಅನಲೈಸ್’ ವಿಶ್ಲೇಷಿಸು, ‘ಸಿಗ್ನಿಫಿಕೆಂಟ್’ ಗಮನಾರ್ಹ. ಒಂಬತ್ತನೇ ತರಗತಿಯ ವಿಜ್ಞಾನ, ಸಮಾಜ ಪಾಠಗಳಲ್ಲಿ ಈ ವಿಚಾರಗಳನ್ನೆಲ್ಲ ನಾವು ಆಗಲೇ ಕಲಿತಿದ್ದೇವೆ. ಬೇಕಿರುವುದು ಹೊಸ ಹೆಸರಷ್ಟೆ.

‘ಅಕರ್’ ಪದವನ್ನೇ ನೋಡಿ. ಮೊದಲ ಪರೀಕ್ಷೆಯ ಪ್ರಬಂಧದಲ್ಲಿ ‘ವಾಸ್ ಅಕರ್ಡ್’ ಎಂದು ಬರೆದು ಬಂದಿದ್ದೆ. ಕನ್ನಡದಲ್ಲಿ ‘ಅಪಘಾತ ಸಂಭವಿಸಿತು’ ಎನ್ನುತ್ತೇವೆ. ‘ಸಂಭವಿಸಲ್ಪಟ್ಟಿತು’ ಎಂದು ಯಾರೂ ಬರೆಯುವುದಿಲ್ಲ. ಕಾರ್ಡಿನ ಕೆಳಗೆ ‘ಸಂಭವಿಸಿತು’ ಎಂದು ಬರೆದುಕೊಂಡ ಮೇಲೆ ಆ ತಪ್ಪು ಮರುಕಳಿಸಲಿಲ್ಲ. ಕನ್ನಡ ದಾರಿ ತಪ್ಪಿಸುವುದೂ ಉಂಟು. ‘ಒಳಗೊಂಡಿದೆ’ ಎಂಬುದನ್ನು ನಂಬಿ ‘ಕನ್ಸಿಸ್ಟ್’ ಬಳಸಿದರೆ ಅದರ ನಂತರ ಬರಬೇಕಾದ ‘ಆಫ್’ ಬಿಟ್ಟುಹೋಗುತ್ತದೆ. ಅಂಥ ಕಡೆ ‘ಆಫ್’ ಅನ್ನೂ ಖಾಲಿ ಜಾಗಕ್ಕೆ ಸೇರಿಸಿದೆ.

ಕಲಿತ ಮೇಲೂ ಎಂಟು ಸಲ ಮರೆತ ಕಾರ್ಡಿಗೆ ಆಂಕಿ ‘ಲೀಚ್’ ಎಂದು ಗುರುತು ಹಾಕುತ್ತದೆ. ಲೀಚ್ ಎಂದರೆ ನಮ್ಮ ಮಲೆನಾಡಿನ ಇಂಬಳ. ಹಿಡಿದರೆ ಬಿಡದೆ ಸಮಯವನ್ನು ಹೀರುವ ಪದಗಳಿಗೆ ಅದು ತಕ್ಕ ಹೆಸರೇ. ನನ್ನಲ್ಲಿ ಹತ್ತೊಂಬತ್ತು ಇಂಬಳಗಳಾದವು. ‘ಕನ್ಸಿಸ್ಟೆಂಟ್’, ‘ಕಾನ್‌ಸ್ಟೆಂಟ್’ ಎರಡೂ ಅದರಲ್ಲಿದ್ದವು. ಬೇರೆಬೇರೆಯಾಗಿ ಉಜ್ಜಿದಷ್ಟೂ ಕಲಸಿಹೋಗುತ್ತಿದ್ದವನ್ನು ಒಂದೇ ವಾಕ್ಯದಲ್ಲಿ ಕೂರಿಸಿದ ಮೇಲೆ ಬಿಡಿಸಿಕೊಂಡವು.

ಹತ್ತು ತಿಂಗಳ ನಂತರ ಮತ್ತೆ ಪರೀಕ್ಷೆ ಬರೆದೆ: ಆಲಿಕೆ 7.5, ಓದು 7, ಮಾತು 7, ಬರವಣಿಗೆ 6.5. ಇದೆಲ್ಲವೂ ಆಂಕಿಯ ಫಲವೆಂದರೆ ತಪ್ಪಾಗುತ್ತದೆ. ವಾರಕ್ಕೆ ಎರಡು ಪ್ರಬಂಧ ಬರೆದು ತಿದ್ದಿಸಿಕೊಳ್ಳುತ್ತಿದ್ದೆ. ಆ್ಯಪ್ ವಾಕ್ಯ ಕಟ್ಟುವುದನ್ನು ಕಲಿಸುವುದಿಲ್ಲ, ಉಚ್ಚಾರಣೆಯನ್ನು ತಿದ್ದುವುದಿಲ್ಲ. ನರ್ಸುಗಳಿಗೆ ಒಇಟಿ ಎಂಬ, ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆಯ ದಾರಿಯೂ ಇದೆ. ಅದನ್ನು ಆರಿಸಿಕೊಂಡವರಿಗೆ ಆಸ್ಪತ್ರೆಯ ಭಾಷೆಯೇ ಮುಖ್ಯ, ಈ ಪಟ್ಟಿಯನ್ನು ಪೂರ್ತಿ ಓದುವ ಅಗತ್ಯ ನನಗೆ ಕಾಣುವುದಿಲ್ಲ. ಆಂಡ್ರಾಯ್ಡ್‌ನಲ್ಲೂ ಕಂಪ್ಯೂಟರಿನಲ್ಲೂ ಆಂಕಿ ಉಚಿತ, ಐಫೋನಿನ ಆ್ಯಪ್‌ಗೆ ಹಣ ಕೊಡಬೇಕು.

ಪರೀಕ್ಷೆ ಮುಗಿದರೂ ಬಿಟ್ಟಿಲ್ಲ. ಈಗ ದಿನಕ್ಕೆ ಹತ್ತೋ ಹನ್ನೆರಡೋ ಕಾರ್ಡು, ಐದು ನಿಮಿಷದ ಕೆಲಸ. ಕಳೆದ ತಿಂಗಳು ವಾರ್ಡಿನ ಕಿರಿಯ ನರ್ಸ್ ಒಬ್ಬಳು, “ಅಕ್ಕಾ, ನಿಮ್ಮ ಕಾರ್ಡುಗಳನ್ನು ನನಗೂ ಕಳುಹಿಸಿ” ಎಂದಳು. ಪಟ್ಟಿಯನ್ನೂ ಮಾದರಿಗೆ ನಾಲ್ಕು ಕಾರ್ಡುಗಳನ್ನೂ ಕೊಟ್ಟು, ಉಳಿದದ್ದನ್ನು ನೀನೇ ಬರೆದುಕೋ ಎಂದೆ. ‘ಮಾನಿಟರ್’ ಪದಕ್ಕೆ ಅವಳು ಬರೆದ ವಾಕ್ಯದಲ್ಲಿ ನಮ್ಮ ಮೂರನೇ ಹಾಸಿಗೆಯ ಬಾಣಂತಿಯ ರಕ್ತದೊತ್ತಡವಿತ್ತು.