ಮುರುಗಲು ನೆಡುವವರು ಕಸಿ ಗಿಡವನ್ನೇ ಕೇಳಿ

ಶಿರಸಿಯ ಹೊರವಲಯದ ನರ್ಸರಿಯೊಂದರಿಂದ ಮುರುಗಲಿನ, ಅಂದರೆ ಕೋಕಂ ಅಥವಾ ಪುನರ್ಪುಳಿಯ, ಕಸಿ ಗಿಡಗಳನ್ನು ತಂದೆ. ಬೀಜದ ಸಸಿಗೆ 40 ರೂಪಾಯಿ, ಕಸಿಗೆ 150. ಇಷ್ಟೇಕೆ ಎಂದು ಹುಬ್ಬೇರಿಸುವವರು ನಮ್ಮ ಮಾವನವರು ನೆಟ್ಟ ಮರವನ್ನು ನೋಡಬೇಕು. ಸಂಕ್ರಾಂತಿಯ ಹೊತ್ತಿಗೆ ಮೈತುಂಬ ಹೂ, ಏಪ್ರಿಲ್‌ನಲ್ಲಿ ಮದ್ದಿಗೆ ಬೇಕೆಂದರೂ ಒಂದು ಹಣ್ಣಿಲ್ಲ. ಅದು ಗಂಡು ಮರ. ಮುರುಗಲಿನಲ್ಲಿ ಗಂಡು ಹೂ, ಹೆಣ್ಣು ಹೂ ಸಾಮಾನ್ಯವಾಗಿ ಬೇರೆ ಬೇರೆ ಮರಗಳಲ್ಲಿ ಬಿಡುತ್ತವೆ. ಬೀಜದ ಸಸಿ ಗಂಡೋ ಹೆಣ್ಣೋ ಎಂದು ಹೂ ಕಾಣುವ ತನಕ, ಅಂದರೆ ಆರೇಳು ವರ್ಷ, ಯಾರೂ ಹೇಳಲಾರರು. ಹಣ್ಣು ಕೊಡುತ್ತಿರುವ ಮರದ ಕುಡಿಯನ್ನೇ ಕಸಿ ಕಟ್ಟಿದರೆ ಆ ಗೊಂದಲವೇ ಇಲ್ಲ, ಫಸಲೂ ಬೇಗ.

ನನಗೆ ಹಿಡಿಸಿದ್ದು ನರ್ಸರಿಯವರು ಕುಡಿ ತೆಗೆದ ತಾಯಿಮರದ ಹತ್ತಿರವೇ ಕರೆದುಕೊಂಡು ಹೋದದ್ದು. “ಹೂ ತೋರಿಸು ತಮ್ಮಾ” ಎಂದದ್ದಕ್ಕೆ ಕೆಲಸದ ಹುಡುಗ ಗಂಡು ಮರದ ಟೊಂಗೆಯನ್ನೂ ಮುರಿದು ತಂದು ಪಕ್ಕದಲ್ಲಿ ಹಿಡಿದ. ಎರಡರಲ್ಲೂ ನಾಲ್ಕೇ ದಪ್ಪ ಎಸಳು. ಗಂಡಿನದು ಎಲೆಯ ಕಂಕುಳಲ್ಲಿ ಗೊಂಚಲು, ಹೂವಿನ ನಡುವೆ ಕೇಸರಗಳು ಒತ್ತೊತ್ತಾಗಿ. ಹೆಣ್ಣು ಹೂವಿನ ನಡುವೆ ಆಗಲೇ ಪುಟ್ಟ ಗುಂಡು ಕಾಯಿ, ಅದರ ನೆತ್ತಿಯ ಮೇಲೆ ಪರಾಗ ಹಿಡಿಯಲು ಗೀರುಗೀರಾದ ಟೊಪ್ಪಿ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಇನ್ನು ತಕರಾರು. ಸಾಲಿನಲ್ಲಿದ್ದ ಗಿಡಗಳೆಲ್ಲ ಒಂದೇ ಎಂದರು, ಅಲ್ಲ. ನೆಟ್ಟಗೆ ಏರುವ ಕುಡಿಯಿಂದ ಕಟ್ಟಿದ ಕಸಿ ಮೇಲಕ್ಕೆ ಬೆಳೆಯುತ್ತದೆ. ಅಡ್ಡ ರೆಂಬೆಯ ಕುಡಿಯಾದರೆ ಪೊದೆಯಂತೆ ಹರಡಿ ತೋಟದಲ್ಲಿ ಕಾಲಿಗೆ ಅಡ್ಡ. ಬಗ್ಗಿ ನೋಡಿ ನಾನೇ ಆರಿಸಿಕೊಂಡೆ. ಯಾವ ಚೀಲಕ್ಕೂ ತಾಯಿಮರದ ಚೀಟಿ ಇರಲಿಲ್ಲ. ಒಂದು ಗಂಡು ಗಿಡವೂ ಬೇಕೆಂದರೆ, “ಅದನ್ನು ಯಾರು ಕೊಳ್ಳುತ್ತಾರೆ ಅಕ್ಕಾ” ಎಂದು ನಕ್ಕರು. ಎಲ್ಲರೂ ಹೆಣ್ಣನ್ನೇ ನೆಟ್ಟರೆ ಪರಾಗ ಎಲ್ಲಿಂದ ಬರಬೇಕು? ನಾವು ತೋಟಕ್ಕೆ ಸೊಪ್ಪು ತರುವ ಬೆಟ್ಟದಲ್ಲಿ ಕಾಡು ಮುರುಗಲು ಇರುವುದರಿಂದ ನನಗೆ ಚಿಂತೆಯಿಲ್ಲ. ಸುತ್ತಮುತ್ತ ಮರವೇ ಇಲ್ಲದ ಕಡೆ ನೆಡುವವರು ಹಟ ಹಿಡಿದು ಗಂಡು ಗಿಡವನ್ನೂ ಕಟ್ಟಿಸಿಕೊಳ್ಳಿ.

ತಾಯಿಮರದ ಹಣ್ಣು ಯಾವಾಗ ಕೆಂಪಾಗುತ್ತದೆ ಎಂದೂ ಕೇಳಿ. ಮಳೆ ಹಿಡಿದ ಮೇಲೆ ಹಣ್ಣಾಗುವ ಮರವಾದರೆ ಸಿಪ್ಪೆ ಒಣಗಿಸಲು ಬಿಸಿಲು ಸಿಗದು, ಬೂಸಲು ಬರುತ್ತದೆ. ನನಗೆ ಕೊಟ್ಟದ್ದು ಏಪ್ರಿಲ್ ಕೊನೆಗೆ ಹಣ್ಣಾಗುವ ಮರದ್ದು. ನರ್ಸರಿಗೆ ಐದರಲ್ಲಿ ನಾಲ್ಕು ಅಂಕ. ಕಳೆದ ಒಂದು ಅಂಕ ಆ ಇಲ್ಲದ ಚೀಟಿಯದು.